ಪಾಸ್‌ವರ್ಡ್ ಯಾರ ಕಿಸೆಯಲ್ಲಿದೆ?

ಪದವಿ ಕಾಲೇಜುಗಳ ಪ್ರವೇಶದ ದಿನಗಳು ಬಂದವೆಂದರೆ ಕಲಬುರಗಿಯ ಜಗತ್ ವೃತ್ತದ ಸುತ್ತಮುತ್ತಲಿನ ಝೆರಾಕ್ಸ್ ಅಂಗಡಿಗಳಿಗೆ ಜಾತ್ರೆಯ ಕಳೆ ಬರುತ್ತದೆ. ಸೇಡಂ, ಚಿತ್ತಾಪುರ, ಆಳಂದ, ಕಮಲಾಪುರದ ಕಡೆಯಿಂದ ಬಸ್ಸಿಳಿದು ಬಂದ ಹುಡುಗ ಹುಡುಗಿಯರು. ಅವರ ಹಿಂದೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡ ತಂದೆಯೋ ಅಣ್ಣನೋ. ಅಂಗಡಿಯೊಳಗೆ ಎರಡು ಕಂಪ್ಯೂಟರು, ಒಬ್ಬನೇ ಹುಡುಗ. ಅವನು ತಲೆ ಎತ್ತದೆ ಕೇಳುತ್ತಾನೆ: “ಮೊಬೈಲ್ ನಂಬರ್ ಹೇಳ್ರಿ. ಓಟಿಪಿ ಬಂತೇನ್ ನೋಡ್ರಿ. ಬಂದಿಲ್ಲಾ? ಬಿಡ್ರಿ, ನಂದೇ ನಂಬರ್ ಹಾಕ್ತೀನಿ.” ಸುತ್ತ ನಿಂತವರಿಗೆಲ್ಲ ಅವನ ಉಪಕಾರಬುದ್ಧಿ ಕಂಡು ಸಮಾಧಾನವಾಗುತ್ತದೆ. ನನಗೆ ಮಾತ್ರ ಆ ಕೊನೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ.

ನಾವು ಬಿ.ಎಸ್ಸಿ. ಓದುತ್ತಿದ್ದ 1990ರ ಆಸುಪಾಸಿನಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಹತ್ತು ವರ್ಷ. ಅದು 1980ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಸ್ವಂತ ಮನೆ ಮಾಡಿಕೊಂಡದ್ದು. ಆಗ ಪರೀಕ್ಷೆಯ ಅರ್ಜಿ ತುಂಬಲು ಬೇಕಾಗಿದ್ದುದು ಪೆನ್ನು, ಅಂಟು ಮತ್ತು ತಾಳ್ಮೆ. ಬ್ಯಾಂಕಿನಲ್ಲಿ ಚಲನ್ ಕಟ್ಟಬೇಕು, ಗೆಜೆಟೆಡ್ ಅಧಿಕಾರಿಯ ಮನೆ ಬಾಗಿಲಲ್ಲಿ ನಿಂತು ಹಸಿರು ಶಾಯಿಯ ಸಹಿ ಪಡೆಯಬೇಕು, ಏನಾದರೂ ತಕರಾರಾದರೆ ಸೇಡಂ ರಸ್ತೆಯ ಜ್ಞಾನಗಂಗಾ ಆವರಣಕ್ಕೆ ಸಿಟಿ ಬಸ್ಸು ಹಿಡಿಯಬೇಕು. ಗುಮಾಸ್ತರ ಬೈಗುಳ ಉಚಿತ. ಆ ಕಾಲ ಚೆನ್ನಾಗಿತ್ತೆಂದು ಹೇಳುವ ಹಟ ನನಗಿಲ್ಲ. ಒಂದು ಅಂಕಪಟ್ಟಿಗಾಗಿ ನಾಲ್ಕು ಸಲ ಅಲೆದವನಿಗೆ ಹಳೆಯದರ ಮೇಲೆ ಅಂಥ ಮೋಹ ಉಳಿದಿರುವುದಿಲ್ಲ. ಆದರೆ ಒಂದು ಸಂಗತಿಯಿತ್ತು: ಆ ಅರ್ಜಿಯ ಮೇಲಿನ ಅಕ್ಷರ ನಮ್ಮದು, ಸಹಿಯೂ ನಮ್ಮದು. ಅದರಲ್ಲಿ ಏನು ಬರೆದಿದೆ ಎಂಬುದು ನಮಗೆ ಗೊತ್ತಿರುತ್ತಿತ್ತು.

ಈಗ ನೋಡಿ. 2021ರಿಂದೀಚೆಗೆ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಏಕೀಕೃತ ನಿರ್ವಹಣಾ ವ್ಯವಸ್ಥೆ, ಅಂದರೆ ಮಕ್ಕಳ ಬಾಯಲ್ಲಿ ‘ಯುಯುಸಿಎಂಎಸ್’, ಬಂತು. ಪ್ರವೇಶ, ಪರೀಕ್ಷೆಯ ಅರ್ಜಿ, ಫಲಿತಾಂಶಗಳೆಲ್ಲ ಅದರ ಮೂಲಕ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಇನ್ನೊಂದು ಜಾಲತಾಣ. ಅಂಕಪಟ್ಟಿ ಇಡಲು 2015ರಲ್ಲಿ ಆರಂಭವಾದ ಡಿಜಿಲಾಕರ್. ಗಳಿಸಿದ ಕ್ರೆಡಿಟ್ಟುಗಳನ್ನು ಜಮೆ ಮಾಡಲು ಅಕಾಡೆಮಿಕ್ ಬ್ಯಾಂಕು. ಹೀಗೆ ಮೂರು ವರ್ಷದ ಪದವಿಯೆಂಬುದು ನಾಲ್ಕಾರು ಬೀಗಗಳ ಒಳಗಿದೆ. ಇದು ಒಳ್ಳೆಯದೇ. ಊರಿನಲ್ಲಿ ಕೂತು ಫಲಿತಾಂಶ ನೋಡಬಹುದು, ಅಂಕಪಟ್ಟಿ ಮಳೆಯಲ್ಲಿ ನೆನೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಬೀಗದ ಕೈ ಯಾರ ಕಿಸೆಯಲ್ಲಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ನನ್ನ ಕೈಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಕಲಿತ ಹುಡುಗಿಯೊಬ್ಬಳು ಕಮಲಾಪುರ ತಾಲ್ಲೂಕಿನ ಹಳ್ಳಿಯವಳು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಆಕೆಯೇ ಮೊದಲು. ನಗರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಸೇರುವಾಗ ಅಂಗಡಿಯವನೊಬ್ಬ ಅರ್ಜಿ ತುಂಬಿದ. ತಂದೆಯ ಮೊಬೈಲು ಊರಿನಲ್ಲಿತ್ತು, ಹುಡುಗಿಗೆ ಮೊಬೈಲೇ ಇರಲಿಲ್ಲ. ತನ್ನದೇ ನಂಬರು ಹಾಕಿದ, ತಾನೇ ಒಂದು ಇ-ಮೇಲ್ ಹುಟ್ಟಿಸಿದ, ಪಾಸ್‌ವರ್ಡನ್ನು ತನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡ. ಮೊದಲ ಸೆಮಿಸ್ಟರು ಸುಸೂತ್ರ. ಎರಡನೆಯ ಸೆಮಿಸ್ಟರಿಗೂ ಅವನೇ. ಮೂರನೆಯ ಸೆಮಿಸ್ಟರಿನ ಪರೀಕ್ಷಾ ಅರ್ಜಿ ತುಂಬಲು ಹೋದಾಗ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಕವರು ಮಾರುವವನಿದ್ದ.

ಆಕೆ ತಂದೆಯನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. “ಸರ, ನಂಬರ್ ಅಂಗಡ್ಯಾಂವಂದು ಅದರಿ. ಅಂವ ಪುಣೇಕ್ಕ ಹೋಗ್ಯಾನಂತ್ರಿ, ಫೋನು ಸ್ವಿಚಾಫ್ ಅದ.” ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಓಟಿಪಿ ಹೋಗುವುದು ಆ ಸತ್ತ ನಂಬರಿಗೆ. ಇ-ಮೇಲಿನ ಪಾಸ್‌ವರ್ಡೂ ಆ ನೋಟುಬುಕ್ಕಿನೊಡನೆಯೇ ಪುಣೆ ಸೇರಿತ್ತು. ತೊಗರಿ ರಾಶಿಯ ಕಾಲ, ಕೆಲಸ ಬಿಟ್ಟು ಬಂದಿದ್ದ ತಂದೆ ಧೋತರದ ತುದಿಯ ಗಂಟು ಮುಟ್ಟಿಕೊಳ್ಳುತ್ತ ಕೇಳಿದ: “ಮಾಸ್ತರ್ರ, ಆ ಓಟಿಪಿ ಅನ್ನೋದು ಎಲ್ಲಿ ಸಿಗ್ತದ್ರಿ? ಎಷ್ಟ್ ಆಗ್ತದ ಹೇಳ್ರಿ, ರೊಕ್ಕ ತಂದೀನಿ.”

ನಗು ಬರಲಿಲ್ಲ. ಆ ಮನುಷ್ಯ ಇಷ್ಟು ವರ್ಷ ಕಚೇರಿಗಳಲ್ಲಿ ಕಂಡಿದ್ದೇ ಅದು. ಕಾಗದ ಯಾವುದೇ ಇರಲಿ, ಎಲ್ಲೋ ಒಂದು ಕಡೆ ಸಿಗುತ್ತದೆ, ಅದಕ್ಕೊಂದು ದರವಿರುತ್ತದೆ. ಒಂಬತ್ತು ದಿನ ಆಕೆ ಅಲೆದಳು. ಆಧಾರ್ ಕಾರ್ಡಿಗೆ ಜೋಡಿಸಿದ ನಂಬರೂ ತಂದೆಯ ಎಂದೋ ಕಳೆದುಹೋದ ಸಿಮ್ಮಿನದು. ಮೊದಲು ಅದನ್ನು ಸರಿಪಡಿಸಲು ಆಧಾರ್ ಕೇಂದ್ರದಲ್ಲಿ ಬೆಳಗಿನ ಏಳಕ್ಕೆ ಸಾಲು. ಆಮೇಲೆ ಕಾಲೇಜಿಗೆ ಲಿಖಿತ ಅರ್ಜಿ, ಜೊತೆಗೆ ಗುರುತಿನ ದಾಖಲೆಗಳ ಪ್ರತಿ. ಕಾಲೇಜಿನ ಕಚೇರಿಯವರು ಮುತುವರ್ಜಿಯಿಂದ ನಂಬರು ಬದಲಾಯಿಸುವ ವ್ಯವಸ್ಥೆ ಮಾಡಿದರು. ದಂಡದ ಸಮೇತ ಅರ್ಜಿ ಸ್ವೀಕಾರವಾಗುವ ಕೊನೆಯ ದಿನ ಸಂಜೆ ಆಕೆಯ ಶುಲ್ಕ ಸಂದಾಯವಾಯಿತು. ಇನ್ನೊಂದು ದಿನ ತಡವಾಗಿದ್ದರೆ ಪ್ರವೇಶಪತ್ರ ಬರುತ್ತಿರಲಿಲ್ಲ. ಆ ಮನೆಯಲ್ಲಿ ‘ಈ ವರ್ಷ ಪರೀಕ್ಷೆ ತಪ್ಪಿತು’ ಎಂದರೆ ‘ಈ ವರ್ಷ ಮದುವೆ’ ಎಂದೇ ಅರ್ಥ.

ಅಂಗಡಿಯ ಹುಡುಗ ಕೆಟ್ಟವನಾಗಿರಲಿಲ್ಲ. ದಿನಕ್ಕೆ ನೂರು ಅರ್ಜಿ ತುಂಬುವವನಿಗೆ ಅದು ನೂರರಲ್ಲಿ ಒಂದು, ಅಷ್ಟೆ. ತೊಂದರೆ ಬೇರೆ ಕಡೆ ಇದೆ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ದೇಶದಲ್ಲೇ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಆಮೇಲೆ ಶಾಲೆ ಕಾಲೇಜು ಮುಚ್ಚಿ, ಪಾಠಗಳು ಮೊಬೈಲಿಗೆ ಬಂದವು. ಅಲ್ಲಿಯವರೆಗೆ ‘ಮೊಬೈಲ್ ಮುಟ್ಟಬೇಡ’ ಎನ್ನುತ್ತಿದ್ದ ತಂದೆ ತಾಯಿಗಳೇ ಸಾಲ ಮಾಡಿ ಮೊಬೈಲು ತಂದುಕೊಟ್ಟರು. ಹುಡುಗರು ಮಾಳಿಗೆಯ ಮೇಲೆ ಸಿಗ್ನಲ್ ಹುಡುಕುತ್ತ ಕೂತರು. ಕೈಗೆ ಯಂತ್ರ ಬಂತು, ಬಳಸುವುದು ಬಂತು ಎಂದು ಎಲ್ಲರೂ ತಿಳಿದೆವು. ವಿಡಿಯೋ ನೋಡುವುದು, ಫೋಟೋ ಕಳಿಸುವುದು ಬಂತು ನಿಜ. ತನ್ನ ಹೆಸರಿನ ಅರ್ಜಿಯನ್ನು ತಾನೇ ತುಂಬುವುದು ಬರಲಿಲ್ಲ.

ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ಹದಿನೆಂಟು ತುಂಬಿದ ಮಗಳು ವಿಧಾನಸಭೆಗೆ ಮತ ಹಾಕಬಹುದು, ತನ್ನ ಹೆಸರಿನಲ್ಲಿ ಸಿಮ್ ಇಟ್ಟುಕೊಳ್ಳುವಂತಿಲ್ಲ. ಅಣ್ಣನ ನಂಬರು, ಚಿಕ್ಕಪ್ಪನ ನಂಬರು, ಕೊನೆಗೆ ಮದುವೆಯಾದ ಮೇಲೆ ಗಂಡನ ನಂಬರು. ನಡುವೆ ಪದವಿಯ ದಾಖಲೆ ಯಾವ ನಂಬರಿನಲ್ಲಿ ಸಿಕ್ಕಿಹಾಕಿಕೊಂಡಿದೆಯೋ ದೇವರೇ ಬಲ್ಲ. ಇದನ್ನು ಓದುತ್ತಿರುವ ತಂದೆಯರಲ್ಲಿ ನನ್ನದೊಂದು ವಿನಂತಿ. ಮಗಳಿಗೆ ದೊಡ್ಡ ಮೊಬೈಲು ಕೊಡಿಸಲಾಗದಿದ್ದರೆ ಬೇಡ. ಗುಂಡಿ ಒತ್ತುವ ಸಾದಾ ಸೆಟ್ಟಾದರೂ ಸಾಕು, ಅದಕ್ಕೂ ಓಟಿಪಿ ಬರುತ್ತದೆ. ಆದರೆ ಸಿಮ್ಮು ಆಕೆಯ ಹೆಸರಿನಲ್ಲಿರಲಿ, ಓದು ಮುಗಿದು ಎರಡು ವರ್ಷವಾಗುವ ತನಕ ಆ ನಂಬರು ಬದಲಾಗದಿರಲಿ. ರೀಚಾರ್ಜ್ ಮಾಡದೆ ಬಿಟ್ಟು ಸ್ಥಗಿತಗೊಂಡ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಮಗಳ ಓಟಿಪಿ ಯಾವುದೋ ಊರಿನ ಯಾರಿಗೋ ಹೋಗುತ್ತಿರುತ್ತದೆ.

ಪಾಸ್‌ವರ್ಡಿನ ವಿಷಯದಲ್ಲಿ ಗಣಿತ ನೆರವಿಗೆ ಬರುತ್ತದೆ. ನಾಲ್ಕು ಅಂಕಿಗಳ ಗುಟ್ಟಿನ ಸಂಖ್ಯೆಯಲ್ಲಿ ಇರುವ ಸಾಧ್ಯತೆಗಳು ಹತ್ತು ಸಾವಿರ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಎಂಟನ್ನು ಮನಸ್ಸಿಗೆ ಬಂದಂತೆ ಜೋಡಿಸಿದರೆ ಸಾಧ್ಯತೆಗಳು ಸುಮಾರು ಇಪ್ಪತ್ತು ಸಾವಿರದ ಎಂಟುನೂರು ಕೋಟಿ. ಆದರೆ ನಮ್ಮ ಅಂಗಡಿಗಳಲ್ಲಿ ಹುಟ್ಟುವ ಪಾಸ್‌ವರ್ಡು ಯಾವುದು? ಹುಡುಗನ ಹೆಸರು, ಅದರ ಮುಂದೆ ಒಂದು ‘ಅಟ್’ ಚಿಹ್ನೆ, ಅದರ ಮುಂದೆ ಒಂದು ಎರಡು ಮೂರು. ಇದಕ್ಕೆ ಕೋಟಿ ಲೆಕ್ಕ ಬೇಡ, ಪಕ್ಕದ ಬೆಂಚಿನವನು ಒಂದೇ ಏಟಿಗೆ ಹೇಳುತ್ತಾನೆ. ನಾನು ಮಕ್ಕಳಿಗೆ ಹೇಳುವುದು: ನಿಮ್ಮ ಅವ್ವ ಮನೆಯಲ್ಲಿ ಪದೇ ಪದೇ ಬೈಯುವ ಒಂದು ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ನಡುವೆ ಒಂದೆರಡು ಅಂಕಿ ಸೇರಿಸಿ. ಮರೆಯುವುದೂ ಇಲ್ಲ, ಬೇರೆಯವರಿಗೆ ಹೊಳೆಯುವುದೂ ಇಲ್ಲ. ಒಬ್ಬ ಹುಡುಗ ಎದ್ದು, “ಸರ, ನಮ್ಮವ್ವನ ಬೈಗಳ ಇಡೀ ಓಣಿಗೇ ಗೊತ್ತದರಿ” ಎಂದ. ಅಂಥವರು ಅಜ್ಜಿಯ ಗಾದೆಗೆ ಮೊರೆಹೋಗಬೇಕು.

ಜಾಲತಾಣದ ವಿಳಾಸ ಓದುವುದನ್ನೂ ಹೀಗೆಯೇ ಮನೆಯ ಉದಾಹರಣೆಯಿಂದ ಕಲಿಸಬಹುದು. ನಾವು ವಿಳಾಸ ಬರೆಯುವಾಗ ಊರು ಮಹಾಗಾಂವ, ತಾಲ್ಲೂಕು ಕಮಲಾಪುರ, ಜಿಲ್ಲೆ ಕಲಬುರಗಿ ಎನ್ನುತ್ತೇವೆ. ಮುಂದಿನ ಹೆಸರು ಏನೇ ಇರಲಿ, ಯಾವ ಜಿಲ್ಲೆಯೆಂದು ಹೇಳುವುದು ಕೊನೆಯ ಪದ. ಜಾಲತಾಣವೂ ಹಾಗೆ, ಕೊನೆಯಿಂದ ಓದಬೇಕು. ಸರ್ಕಾರದ್ದಾದರೆ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ, ಶಿಕ್ಷಣ ಸಂಸ್ಥೆಗಳಿಗಾಗಿಯೇ ‘ಎಸಿ ಡಾಟ್ ಇನ್’ ಮೀಸಲಿದೆ. ಹೆಸರಿನಲ್ಲಿ ಎಲ್ಲೋ ನಡುವೆ ‘ಸ್ಕಾಲರ್‌ಶಿಪ್’ ಎಂದೋ ‘ಕರ್ನಾಟಕ’ ಎಂದೋ ಇದ್ದು, ಕೊನೆ ಬೇರೆ ಏನೋ ಆಗಿದ್ದರೆ, ಅಲ್ಲಿ ಆಧಾರ್ ಸಂಖ್ಯೆ ಕೊಡುವ ಮೊದಲು ಹತ್ತು ಸಲ ಯೋಚಿಸಬೇಕು.

ಇನ್ನು ಮಕ್ಕಳನ್ನು ಅಂಗಡಿಗೆ ಓಡಿಸುವ ದೊಡ್ಡ ಭೂತವೆಂದರೆ ಫೋಟೋ. ‘ಭಾವಚಿತ್ರ 50 ಕಿಲೋಬೈಟಿಗಿಂತ ಕಡಿಮೆ ಇರಬೇಕು’ ಎಂಬ ಸಾಲು ಕಂಡೊಡನೆ ಬಿ.ಎಸ್ಸಿ. ಓದುವ ಹುಡುಗನ ಕೈಕಾಲೂ ತಣ್ಣಗಾಗುತ್ತವೆ. ಇದು ಹೈಸ್ಕೂಲಿನ ಲೆಕ್ಕ. ಮೊಬೈಲಿನ ಕ್ಯಾಮೆರಾ 12 ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟು. ಒಟ್ಟು ಮೂರು ಕೋಟಿ ಅರವತ್ತು ಲಕ್ಷ ಬೈಟು. ಅರ್ಜಿಯ ಮೂಲೆಯ ಸಣ್ಣ ಚೌಕದಲ್ಲಿ ಕೂರುವ ಮುಖಕ್ಕೆ ಇಷ್ಟೊಂದು ಚುಕ್ಕೆ ಯಾಕೆ ಬೇಕು? ಅಗಲಕ್ಕೆ 300, ಎತ್ತರಕ್ಕೆ 400 ಚುಕ್ಕೆ ಸಾಕು. ಆಗ ಚುಕ್ಕೆಗಳು ಒಂದು ಲಕ್ಷ ಇಪ್ಪತ್ತು ಸಾವಿರ, ಅಂದರೆ ನೂರರಲ್ಲಿ ಒಂದು ಪಾಲು. ಬೈಟುಗಳು ಮೂರು ಲಕ್ಷ ಅರವತ್ತು ಸಾವಿರ. 1992ರಲ್ಲಿ ಪ್ರಮಾಣೀಕರಿಸಿದ ‘ಜೆಪೆಗ್’ ವಿಧಾನ ಚಿತ್ರವನ್ನು ಎಂಟಕ್ಕೆ ಎಂಟರ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ನಮ್ಮ ಕಣ್ಣು ಹೇಗೂ ಗಮನಿಸದ ನವಿರು ವಿವರಗಳನ್ನು ಕೈಬಿಡುತ್ತದೆ. ಅದರಿಂದ ಗಾತ್ರ ಇನ್ನೂ ಹತ್ತರಲ್ಲೊಂದಕ್ಕೆ ಇಳಿದರೆ ಸುಮಾರು 36 ಕಿಲೋಬೈಟು. ಅರ್ಜಿ ಕೇಳಿದ್ದಕ್ಕಿಂತ ಕಡಿಮೆಯೇ ಆಯಿತು! ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸಿದ ದಿನ ಮಕ್ಕಳು ಮೊಬೈಲಿನಲ್ಲಿ ಚಿತ್ರದ ಅಳತೆ ಬದಲಾಯಿಸುವ ಜಾಗವನ್ನು ತಾವೇ ಹುಡುಕಿಕೊಂಡರು. ನಾನು ಅದನ್ನು ಹೇಳಿಕೊಡಬೇಕಾಗಲಿಲ್ಲ, ನಿಜ ಹೇಳಬೇಕೆಂದರೆ ಆ ಗುಂಡಿ ಎಲ್ಲಿದೆಯೆಂದು ಅವರಿಂದಲೇ ನಾನು ತಿಳಿದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಮ್ಮ ಓಣಿಯ ಎಂ.ಎ. ವಿದ್ಯಾರ್ಥಿಯೊಬ್ಬ ತನ್ನ ಕಿರುಪ್ರಬಂಧವನ್ನು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ಮಾರ್ಗದರ್ಶಕರಿಗೆ ಇ-ಮೇಲ್ ಕಳಿಸಿದ. ಅವರ ಕಂಪ್ಯೂಟರಿನಲ್ಲಿ ತೆರೆದದ್ದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಸಂಕೇತಕ್ಕೇ ಕನ್ನಡದ ಮುಖವಾಡ ತೊಡಿಸಿರುತ್ತಾರೆ. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚಿಬೀಳುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ದೊರೆತಿದೆ. ‘ಕ’ ಎಂಬುದರ ಮನೆಯ ಸಂಖ್ಯೆ 3221. ಕಮಲಾಪುರದಲ್ಲಿ ನೋಡಿದರೂ ಕ್ಯಾಲಿಫೋರ್ನಿಯಾದಲ್ಲಿ ನೋಡಿದರೂ ಅದೇ ‘ಕ’. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಸೌಲಭ್ಯವಿದೆ. ವಿಚಿತ್ರವೆಂದರೆ ಹುಡುಗರು ಗೆಳೆಯರಿಗೆ ‘ಊಟ ಆತೇನೋ’ ಎಂದು ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆಯುವುದೆಲ್ಲ ಯೂನಿಕೋಡಿನಲ್ಲೇ ಇರುತ್ತದೆ. ಎರಡು ವರ್ಷದ ಶ್ರಮದ ಪ್ರಬಂಧ ಮಾತ್ರ ಮುಖವಾಡದ ಅಕ್ಷರದಲ್ಲಿ. ಅಂಥ ಪ್ರಬಂಧ ಮುಂದೆ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಬರೆದೂ ಇಲ್ಲದಂತೆ.

ಹುಡುಕಾಟದ ಮಾತು ಬಂತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಶೋಧಗಂಗಾ’ದಲ್ಲಿ ದೇಶದ ಲಕ್ಷಗಟ್ಟಲೆ ಪಿಎಚ್.ಡಿ. ಪ್ರಬಂಧಗಳು ಕಾಸಿಲ್ಲದೆ ಓದಲು ಸಿಗುತ್ತವೆ. ಖರಗ್‌ಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. 2017ರಲ್ಲಿ ಬಂದ ‘ಸ್ವಯಂ’ನಲ್ಲಿ ಒಳ್ಳೆಯ ಪ್ರಾಧ್ಯಾಪಕರ ಪಾಠ ಕೇಳಬಹುದು, ವಿಶ್ವವಿದ್ಯಾಲಯ ಒಪ್ಪಿದರೆ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕ್ರೆಡಿಟ್ಟುಗಳನ್ನು ಅದರಿಂದಲೇ ಗಳಿಸಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ನಾವು ಓದುವಾಗ ಒಂದು ಭೌತಶಾಸ್ತ್ರದ ಪುಸ್ತಕಕ್ಕೆ ಗ್ರಂಥಾಲಯದಲ್ಲಿ ಮೂರು ವಾರ ಸರದಿ ಕಾಯುತ್ತಿದ್ದೆವು ಎಂದರೆ ಈಗಿನವರು ನಂಬುವುದಿಲ್ಲ. ಇಷ್ಟೆಲ್ಲ ಇದ್ದೂ ನನ್ನ ಬಳಿ ಬರುವ ಕಾಲೇಜು ಹುಡುಗರಲ್ಲಿ ಈ ಹೆಸರುಗಳನ್ನು ಕೇಳಿದವರು ಅಪರೂಪ. ಅವರಿಗೆ ಗೊತ್ತಿರುವುದು ಹುಡುಕುಪುಟದಲ್ಲಿ ಮೊದಲು ಬಂದದ್ದನ್ನು ಎತ್ತಿ ಅಂಟಿಸುವುದು, ಈಗೀಗ ಕೃತಕ ಬುದ್ಧಿಮತ್ತೆಯನ್ನು ಕೇಳುವುದು.

ನಕಲಿನ ಬಗ್ಗೆ ಕಾನೂನೂ ಇದೆ. 2018ರ ಯುಜಿಸಿ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದೊಡನೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ನನಗೆ ಚಿಂತೆ ಕಾನೂನಿನದಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆದದ್ದೇನೆಂದರೆ, ಝೆರಾಕ್ಸ್ ಅಂಗಡಿಯ ಹುಡುಗ ಮಾಡುತ್ತಿದ್ದುದನ್ನು ಈಗ ಯಂತ್ರ ಮಾಡುತ್ತಿದೆ. ಕೊಟ್ಟು ಬಿಡುವುದು, ಏನು ತುಂಬಿದೆಯೆಂದು ನೋಡದಿರುವುದು, ಪ್ರಿಂಟು ತೆಗೆದುಕೊಂಡು ಹೋಗುವುದು. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನ ಇಬ್ಬರು ವಕೀಲರು ಹೀಗೇ ಯಂತ್ರ ಹೆಣೆದುಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯದಲ್ಲಿ ಉಲ್ಲೇಖಿಸಿ 5000 ಡಾಲರ್ ದಂಡಕ್ಕೆ ಗುರಿಯಾದರು. ವಕೀಲರಿಗೇ ಹೀಗಾದರೆ ನಮ್ಮ ಮಕ್ಕಳ ಪಾಡೇನು?

ಪಾಡು ಹೇಗಿರುತ್ತದೆಂದು ಕಳೆದ ವರ್ಷ ಕಂಡೆ. ಪದವಿಯ ಕೊನೆಯ ವರ್ಷದ ಹುಡುಗನೊಬ್ಬ ಕಿರುಯೋಜನೆಯ ಹನ್ನೆರಡು ಪುಟ ತಂದು ತೋರಿಸಿದ. ವಿಷಯ ಕಮಲಾಪುರದ ಕೆಂಬಾಳೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಹೆಮ್ಮೆಯ ಹಣ್ಣು. ಇಂಗ್ಲಿಷ್ ಚೊಕ್ಕಟ, ಒಂದೂ ಅಕ್ಷರದೋಷವಿಲ್ಲ. ಎರಡನೆಯ ಪುಟದಲ್ಲಿ ಬರೆದಿತ್ತು: ಕಮಲಾಪುರವು ತುಂಗಭದ್ರಾ ತೀರದಲ್ಲಿದೆ, ವಿಜಯನಗರದ ಅರಸರು ಕಟ್ಟಿಸಿದ ಕೆರೆಯ ನೀರು ಈ ತೋಟಗಳಿಗೆ ಹರಿಯುತ್ತದೆ. ಯಂತ್ರ ಹಂಪಿಯ ಪಕ್ಕದ ಕಮಲಾಪುರವನ್ನೂ ಕಲಬುರಗಿಯ ಕಮಲಾಪುರವನ್ನೂ ಒಂದು ಮಾಡಿಬಿಟ್ಟಿತ್ತು. ಕೊನೆಯಲ್ಲಿ ಐದು ಗ್ರಂಥಗಳ ಹೆಸರಿತ್ತು. ನಾವಿಬ್ಬರೂ ಕೂತು ಹುಡುಕಿದರೆ ಮೂರು ಎಲ್ಲಿಯೂ ಸಿಗಲಿಲ್ಲ. “ನಿಮ್ಮ ಊರು ಯಾವುದೋ?” ಎಂದೆ. ಆ ತೋಟಗಳಿಂದ ಮೂರು ಕಿಲೋಮೀಟರು. “ತುಂಗಭದ್ರಾ ಯಾವಾಗ ಬಂದಳಪ್ಪಾ ನಿಮ್ಮೂರಿಗೆ?” ಅವನು ಪುಟವನ್ನು ಕೈಗೆತ್ತಿಕೊಂಡು ಮೊದಲ ಸಲ ಓದಿದ. “ಓದಿಲ್ರಿ ಸರ, ಹಾಂಗೇ ಪ್ರಿಂಟ್ ತೆಗಿಸೀನಿ” ಎಂದ.

ಯಂತ್ರವನ್ನು ಬಿಡು ಎಂದು ನಾನು ಹೇಳಲಿಲ್ಲ. ತೋಟಕ್ಕೆ ಹೋಗು, ನೋಡಿದ್ದನ್ನು ಕನ್ನಡದಲ್ಲಿ ನೀನೇ ಬರಿ, ಆಮೇಲೆ ಬೇಕಿದ್ದರೆ ಇಂಗ್ಲಿಷ್ ತಿದ್ದಲು ಅದರ ಸಹಾಯ ತಗೋ ಎಂದೆ. ಹುಡುಗ ಎರಡು ಭಾನುವಾರ ತೋಟಕ್ಕೆ ಹೋದ. ಕೆಂಬಾಳೆ ನೆಟ್ಟವನು ಗೊನೆಗಾಗಿ ಒಂದೂವರೆ ವರ್ಷದ ಹತ್ತಿರ ಕಾಯಬೇಕು, ಅಷ್ಟರಲ್ಲಿ ಬೇರೆ ಬಾಳೆ ಹಾಕಿದ ಪಕ್ಕದವನು ದುಡ್ಡೆಣಿಸಿ ಆಗಿರುತ್ತದೆ, ಅದಕ್ಕೇ ಮಕ್ಕಳು ಬೇಡವೆನ್ನುತ್ತಾರೆ ಎಂದು ತೋಟದ ಮುದುಕರೊಬ್ಬರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಬಂದ. ಹತ್ತು ಹಣ್ಣುಗಳನ್ನು ಸಿಪ್ಪೆ ಸಮೇತ, ಸಿಪ್ಪೆ ಸುಲಿದು, ಹೀಗೆ ಎರಡು ಸಲ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಒಂದು ಕೋಷ್ಟಕ ಮಾಡಿದ್ದ. ತೂಕದ ನಂತರ ಹಣ್ಣುಗಳೇನಾದವೆಂದು ಕೇಳಲಿಲ್ಲ. ಎಲ್ಲವನ್ನೂ ತನ್ನ ಮೊಬೈಲಿನಲ್ಲೇ ಟೈಪು ಮಾಡಿದ್ದ. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ಕೊನೆಯ ಪುಟದಲ್ಲಿ ‘ಆಧಾರ’ ಎಂಬ ತಲೆಬರಹದ ಕೆಳಗೆ, ಆ ಮುದುಕರ ಹೆಸರು, ಊರು, ತಾನು ಅವರನ್ನು ಕಂಡ ಎರಡು ತಾರೀಖು. ಹೀಗೆ ಬರೆದರೆ ಕಾಲೇಜಿನಲ್ಲಿ ನಡೆಯುತ್ತದೆಯೇ ಎಂದು ಕೇಳಿದ. ಅವರ ಒಪ್ಪಿಗೆ ಪಡೆದು ಹೆಸರು ಹಾಕಿದ್ದೀಯಾ ಎಂದೆ. “ಕೇಳೀನ್ರಿ ಸರ. ಹೆಸರಿನ ಮುಂದ ‘ರೈತರು’ ಅಂತ ಬರಿ ಅಂದಾರ” ಎಂದ.